ಟ್ಯಾಂಕಿನ ಕಣ್ಣು ಒಂದು ಕಡೆ, ಗನ್ನು ಇನ್ನೊಂದು ಕಡೆ

ಟ್ಯಾಂಕ್ ಅಂದ ತಕ್ಷಣ ಎಲ್ರೂ ಕೇಳೋದು ಗನ್ ಎಷ್ಟು ದೊಡ್ಡದು, ಎಷ್ಟು ದೂರ ಹೊಡಿಯುತ್ತೆ ಅಂತ. ನಾನು ವರ್ಷಗಟ್ಟಲೆ ಟ್ಯಾಂಕಿನ ಸೈಟ್, ಅಂದ್ರೆ ಗುರಿ ನೋಡೋ ದುರ್ಬೀನು, ರಿಪೇರಿ ಮಾಡ್ದೋನು, ನನಗೆ ಕಾಡಿದ್ದು ಬೇರೆನೇ. ಗನ್ನರ್ ನೋಡೋದು ಒಂದು ಕಿಟಕಿಲಿ, ಗುಂಡು ಹೋಗೋದು ಇನ್ನೊಂದು ಕೊಳವೇಲಿ, ಇವೆರಡಕ್ಕೂ ಜಗಳ ಬರದಂಗೆ ನೋಡ್ಕೊಳ್ಳೋಕೇ ಒಳಗಡೆ ಅಷ್ಟೊಂದು ಎಲೆಕ್ಟ್ರಾನಿಕ್ಸ್.

ಲೆಕ್ಕ ನೋಡಿ. ಬಾಣದ ಥರ ಇರೋ ಗುಂಡು ಸೆಕೆಂಡಿಗೆ ಸುಮಾರು 1,700 ಮೀಟರ್ ಓಡುತ್ತೆ, 2 ಕಿಲೋಮೀಟರ್ ಮುಟ್ಟೋಕೆ ಹತ್ರಹತ್ರ 1.2 ಸೆಕೆಂಡ್ ಬೇಕು. ಅಷ್ಟರಲ್ಲಿ ಗುಂಡು 7 ಮೀಟರ್ ಕೆಳಗೆ ಇಳಿದಿರುತ್ತೆ, ಗಂಟೆಗೆ 36 ಕಿಲೋಮೀಟರಲ್ಲಿ ಅಡ್ಡ ಓಡ್ತಿರೋ ಟ್ಯಾಂಕು 12 ಮೀಟರ್ ಮುಂದೆ ಹೋಗಿರುತ್ತೆ. ಟಿ-72 ಅನ್ನೋ ಟ್ಯಾಂಕಿನ ಎತ್ತರ ಬರೀ 2.2 ಮೀಟರ್, ಇನ್ನು ಕಣ್ಣಂದಾಜಲ್ಲಿ ಏನ್ ಹೊಡೀತೀರ?

ಅದಕ್ಕೇ ಲೇಸರ್. ಬೆಳಕು 2 ಕಿಲೋಮೀಟರ್ ಹೋಗಿ ತಿರುಗಿ ಬರೋಕೆ ಸುಮಾರು 13 ಮೈಕ್ರೋಸೆಕೆಂಡ್, ಆ ಟೈಮನ್ನ ಅಳೆದು ದೂರ ಹೇಳುತ್ತೆ. ಆದ್ರೆ ಮಧ್ಯದಲ್ಲಿ ಒಂದು ಮುಳ್ಳುಗಿಡ ಇದ್ರೆ ಅದರ ದೂರಾನೇ ಹೇಳ್ಬಿಡುತ್ತೆ, ಅದಕ್ಕೆ ಮೊದಲನೇ ಪ್ರತಿಫಲನ ತಗೋಬೇಕಾ ಕೊನೇದಾ ಅಂತ ಸ್ವಿಚ್ ಇರುತ್ತೆ. ಎದುರಾಳಿ ಎಷ್ಟು ಸ್ಪೀಡಲ್ಲಿ ಹೋಗ್ತಿದಾನೆ ಅನ್ನೋದನ್ನ ಗುರಿ ಲೆಕ್ಕ ಹಾಕೋ ಕಂಪ್ಯೂಟರ್ ತಿಳ್ಕೊಳ್ಳೋದು ಗನ್ನರ್ ಸೈಟನ್ನ ಎಷ್ಟು ಬೇಗ ತಿರುಗಿಸ್ತಿದಾನೆ ಅನ್ನೋದ್ರಿಂದ. ಹೊಸ ಹುಡುಗ್ರು ಗಾಬರೀಲಿ ಕೈ ಜರ್ಕ್ ಮಾಡ್ತಾರೆ, ಅಲುಗಾಡಿದ್ದು ನಿನ್ನ ಕೈನಾ ಅವನ ಟ್ಯಾಂಕಾ ಅಂತ ಕಂಪ್ಯೂಟರ್‌ಗೆ ಹೇಗಪ್ಪಾ ಗೊತ್ತಾಗ್ಬೇಕು?

ಇನ್ನು ಬ್ಯಾರೆಲ್. ಅಷ್ಟು ದಪ್ಪ ಉಕ್ಕು ಬಗ್ಗುತ್ತೆ ಅಂದ್ರೆ ನಮ್ಮನೆಯವ್ರೂ ನಂಬಲ್ಲ. ಮಧ್ಯಾಹ್ನದ ಬಿಸಿಲಿಗೆ ಮೇಲ್ಭಾಗ ಜಾಸ್ತಿ ಕಾದು ಹಿಗ್ಗಿ ಮೂತಿ ಕೆಳಗೆ ಬಾಗುತ್ತೆ, ಕಾದ ಬ್ಯಾರೆಲ್ ಮೇಲೆ ಮಳೆ ಬಿತ್ತೋ ಉಲ್ಟಾ. ಒಂದು ಮಿಲ್, ಅಂದ್ರೆ ದೂರದ ಸಾವಿರದಲ್ಲೊಂದು ಭಾಗದಷ್ಟು ಕೋನ, ಆಚೀಚೆ ಆದ್ರೆ 2 ಕಿಲೋಮೀಟರಲ್ಲಿ 2 ಮೀಟರ್ ತಪ್ಪು. ಅದಕ್ಕೇ ಬ್ಯಾರೆಲ್‌ಗೆ ಶಾಖ ತಡೆಯೋ ಕೋಟು ತೊಡಿಸಿರ್ತಾರೆ, ಕೆಲವದ್ರಲ್ಲಿ ಮೂತಿ ಹತ್ರ ಸಣ್ಣ ಕನ್ನಡಿ ಇಟ್ಟು ಎಷ್ಟು ಬಾಗಿದೆ ಅಂತ ಒಳಗಿಂದಾನೇ ನೋಡ್ತಾರೆ. ಇಷ್ಟೆಲ್ಲಾ ಇದ್ರೂ ಬೋರ್‌ಸೈಟ್ ಮಾಡೋವಾಗ, ಅಂದ್ರೆ ಗನ್ನನ್ನೂ ಸೈಟನ್ನೂ ಒಂದೇ ಕಡೆ ನೋಡೋ ಹಾಗೆ ಮಾಡೋವಾಗ, ನಾವು ಮೂತಿ ಮೇಲಿರೋ ಗೆರೆಗಳಿಗೆ ಗ್ರೀಸ್ ಹಚ್ಚಿ ಎರಡು ದಾರ ಅಡ್ಡಡ್ಡ ಅಂಟಿಸಿ, ಹಿಂದಿಂದ ಇಣುಕಿ, ದೂರದ ಗುರುತಿಗೆ ದಾರದ ಗಂಟನ್ನ ಕೂರಿಸಿ, ಆಮೇಲೆ ಸೈಟನ್ನ ಅದೇ ಗುರುತಿಗೆ ತಂದು ಹೊಂದಿಸ್ತಾ ಇದ್ವಿ.

ಶಾಖ ನೋಡಿ ಚಿತ್ರ ಕೊಡೋ ಥರ್ಮಲ್ ಸೈಟ್ ಬಗ್ಗೆ ಒಂದು ತಮಾಷೆ. ಹೊಸಬರಿಗೆ ಕ್ಲಾಸಲ್ಲಿ ಕ್ಯಾಮೆರಾ ಮುಂದೆ ಮಾಮೂಲಿ ಗಾಜು ಹಿಡಿತಿದ್ದೆ, ಸ್ಕ್ರೀನಲ್ಲಿ ಆಚೆ ನಿಂತವನು ಮಾಯ. 8ರಿಂದ 12 ಮೈಕ್ರಾನಿನ ಶಾಖದ ಕಿರಣಕ್ಕೆ ಗಾಜು ಅಂದ್ರೆ ಗೋಡೆ, ಹಾಗಾಗಿ ಲೆನ್ಸು ಜರ್ಮೇನಿಯಂದು, ಕಣ್ಣಿಗೆ ನೋಡಿದ್ರೆ ಉಕ್ಕಿನ ಬಿಲ್ಲೆ ಥರ. ಒಳಗಿನ ಡಿಟೆಕ್ಟರನ್ನ ಮೈನಸ್ 196 ಡಿಗ್ರಿ ಹತ್ರ ತಂಪು ಮಾಡ್ಬೇಕು, ರಾಜಸ್ಥಾನದ ಬೇಸಿಗೇಲಿ ಆ ಪುಟ್ಟ ಕೂಲರ್ ಪಡೋ ಪಾಡು ಆ ದೇವರಿಗೇ ಪ್ರೀತಿ. ಆದ್ರೂ ಅದರ ಬೆಲೆ ಏನು ಅಂತ 1991ರ ಫೆಬ್ರವರಿ 26ಕ್ಕೆ ಇರಾಕ್‌ನ ಮರಳುಗಾಡಲ್ಲಿ ನಡೆದ 73 ಈಸ್ಟಿಂಗ್ ಅನ್ನೋ ಯುದ್ಧದಲ್ಲಿ ಗೊತ್ತಾಯ್ತು, ಮರಳು ಬಿರುಗಾಳೀಲಿ ಅಮೆರಿಕದ ಎಂ1ಎ1 ಟ್ಯಾಂಕುಗಳಿಗೆ ಇರಾಕಿನ ಟಿ-72ಗಳು ಕಾಣಿಸಿದ್ವು, ಅವರಿಗೆ ಇವರು ಕಾಣಲಿಲ್ಲ.

ಒಂದ್ಸಲ ಫೈರಿಂಗ್ ರೇಂಜಲ್ಲಿ ಒಂದೇ ಒಂದು ಟ್ಯಾಂಕಿನ ಗುಂಡು ಎಲ್ಲಾ ಎಡಕ್ಕೆ ಬೀಳ್ತಿತ್ತು. ಬೋರ್‌ಸೈಟ್ ಸರಿ ಇದೆ, ಲೇಸರ್ ಸರಿ ಇದೆ, ಕಂಪ್ಯೂಟರ್ ಕಾರ್ಡ್ ಬದಲಾಯಿಸಿದ್ರೂ ಅದೇ ಕತೆ. ಸಾಯಂಕಾಲ ಟರೆಟ್ (ಗನ್ ಇರೋ, ತಿರುಗೋ ಮೇಲ್ಭಾಗ) ಮೇಲೆ ಹತ್ತಿದಾಗ ಕಂಡಿದ್ದು, ಗಾಳಿ ಅಳೆಯೋ ಸೆನ್ಸರ್ ಕಂಬ ಸ್ವಲ್ಪ ವಾಲಿದೆ, ಬುಡದಲ್ಲಿ ನೈಲಾನ್ ಹಗ್ಗದ ತುಂಡು. ರಾತ್ರಿ ಯಾರೋ ಬಟ್ಟೆ ಒಣಗಿಹಾಕಿದ್ರು. ಇಲ್ಲದ ಗಾಳಿಗೆ ಕಂಪ್ಯೂಟರ್ ಪಾಪ ನಿಯತ್ತಾಗಿ ತಿದ್ದುಪಡಿ ಮಾಡ್ತಾ ಇತ್ತು. ಗನ್ನರ್‌ನ ಕರೆದು ಹಗ್ಗ ತೋರಿಸಿದೆ, ಅವನು ಮೆಲ್ಲಗೆ ಅಂದ, "ಸರ್, ಬನಿಯನ್ ಒಂದೇ ಹಾಕಿದ್ದು."