ದೂರು ಸರಿ, ಲಕೋಟೆಯ ಮೇಲೆ ಏನು ಬರೆದಿರಿ?

ಆಫೀಸಿನ ಗೋಲ್‌ಮಾಲ್ ಬಗ್ಗೆ ಸಲಹೆ ಕೇಳುವವರು ವಕೀಲರ ಬಳಿ ಬರುವುದು ಹೆಚ್ಚಾಗಿ ದೂರು ಕೊಟ್ಟಾದ ಮೇಲೆ. ಅಷ್ಟರಲ್ಲಿ ಹತ್ತು ಜನಕ್ಕೆ ಇಮೇಲ್ ಹೋಗಿರುತ್ತದೆ, ವರ್ಗಾವಣೆ ಆದೇಶವೂ ಬಂದಿರುತ್ತದೆ. ಆಮೇಲೆ ಪ್ರಶ್ನೆ: "ಮೇಡಂ, ವಿಸಲ್‌ಬ್ಲೋವರ್ ಕಾಯ್ದೆ ಇದೆಯಲ್ವಾ?"

ಅಕ್ರಮ ಬಯಲು ಮಾಡುವವರನ್ನು ಕಾಪಾಡುವ ಆ ಕಾಯ್ದೆ ಇದೆ. 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಅದನ್ನು ಜಾರಿಗೆ ತಂದೇ ಇಲ್ಲ. ಸದ್ಯಕ್ಕೆ ಅದನ್ನು ನಂಬಿ ಕೂರುವುದು ಬೇಡ.

ಕೇಂದ್ರ ಸರ್ಕಾರದ ಇಲಾಖೆ, ಸರ್ಕಾರಿ ಬ್ಯಾಂಕು, ಸಾರ್ವಜನಿಕ ಉದ್ಯಮದ ಭ್ರಷ್ಟಾಚಾರದ ದೂರಾದರೆ ದೂರುದಾರರ ಹೆಸರು ಗುಟ್ಟಾಗಿಡುವ 2004ರ ಒಂದು ಸರ್ಕಾರಿ ನಿರ್ಣಯ ಉಪಯೋಗಕ್ಕೆ ಬರುತ್ತದೆ. ಜನ ಅದನ್ನು 'ಪಿಡ್‌ಪಿ' ಎನ್ನುತ್ತಾರೆ. ಅದರ ಹಿಂದೆ ಒಂದು ಸಾವಿದೆ. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಸತ್ಯೇಂದ್ರ ದುಬೆ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಿದ್ದರು, ಹೆಸರು ಗುಟ್ಟಾಗಿಡಿ ಎಂದೂ ಕೇಳಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ದರೋಡೆಕೋರರ ಕೃತ್ಯ ಎಂದಿತು ಸಿಬಿಐ. ಅದು ಏನೇ ಇರಲಿ, ಹೆಸರು ಹೊರಬಿದ್ದದ್ದಂತೂ ನಿಜ.

ಹಾಗಾಗಿ ಈ ವ್ಯವಸ್ಥೆಯ ಜೀವ ಇರುವುದು ಲಕೋಟೆಯಲ್ಲಿ. ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಅಂಟಿಸಿದ ಲಕೋಟೆ ಕಳಿಸಬೇಕು. ಮೇಲೆ 'PIDPI' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು, ನಿಮ್ಮ ಹೆಸರು, ವಿಳಾಸ ಅಲ್ಲಿ ಬೇಡ. ಅವೆರಡೂ ಒಳಗಿನ ಪತ್ರದ ಆರಂಭದಲ್ಲೋ ಕೊನೆಯಲ್ಲೋ ಇರಲೇಬೇಕು. ಹೆಸರಿಲ್ಲದ ಅರ್ಜಿಯನ್ನು ಈ ದಾರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಇಮೇಲ್ ಮಾಡಿದರೆ, ಬೇರೆಯವರಿಗೂ ಪ್ರತಿ ಕಳಿಸಿದರೆ ಈ ರಕ್ಷಣೆಯ ಆಸೆ ಬಿಡಿ. ಆಯೋಗ ದೃಢೀಕರಣ ಕೇಳಿ ಪತ್ರ ಬರೆದರೆ ಉತ್ತರಿಸಿ. ಸುಮ್ನೆ ಇದ್ದರೆ ಕಡತ ಮುಚ್ಚಬಹುದು.

ಇದಕ್ಕಿಂತ ಮುಖ್ಯವಾದದ್ದು ಪತ್ರದ ಬರವಣಿಗೆ. 'ನನ್ನ ಟೇಬಲ್‌ಗೆ ಬಂದ ಬಿಲ್‌ನಲ್ಲಿ' ಎಂದು ಬರೆದರೆ ಹೆಸರು ಮುಚ್ಚಿಟ್ಟು ಏನು ಪ್ರಯೋಜನ? ಆ ಬಿಲ್ ಯಾರ ಟೇಬಲ್‌ಗೆ ಬರುತ್ತದೆ ಎಂದು ಆಫೀಸಿಗೆಲ್ಲ ಗೊತ್ತು. ಬಿಲ್ ಸಂಖ್ಯೆ, ತಾರೀಖು, ಮೊತ್ತ ಬರೆಯಿರಿ. ಅದು ನಿಮಗೆ ಹೇಗೆ ಸಿಕ್ಕಿತು ಎಂಬ ಕಥೆ ಬೇಡ. ಬಡ್ತಿಯ ಸಿಟ್ಟು, ಮೇಲಧಿಕಾರಿಯ ಬೈಗುಳಗಳನ್ನೂ ಅದರಲ್ಲಿ ಬೆರೆಸಬೇಡಿ. ನನ್ನ ಅನುಭವದಲ್ಲಿ ಗಟ್ಟಿ ದೂರುಗಳನ್ನು ಹಾಳು ಮಾಡುವುದು ಈ ಬೆರಕೆಯೇ. ಆಮೇಲೂ ಕಿರುಕುಳ ಶುರುವಾದರೆ ಆಯೋಗಕ್ಕೇ ಅರ್ಜಿ ಹಾಕಬಹುದು.

ರಾಜ್ಯ ಸರ್ಕಾರಿ ನೌಕರರ ವಿರುದ್ಧದ ದೂರು ಇಲ್ಲಿಗೆ ಬರುವುದಿಲ್ಲ, ಕರ್ನಾಟಕದಲ್ಲಿ ಅದಕ್ಕೆ ಲೋಕಾಯುಕ್ತ ಇದೆ.

ಖಾಸಗಿಯವರಿಗೆ? 2013ರ ಕಂಪನಿ ಕಾಯ್ದೆಯ ಸೆಕ್ಷನ್ 177ರ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿ, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿ, ಬ್ಯಾಂಕುಗಳಿಂದ 50 ಕೋಟಿ ರೂಪಾಯಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿ ದೂರಿನ ವ್ಯವಸ್ಥೆ ಇಟ್ಟಿರಲೇಬೇಕು. ತೀರಾ ಬೇಕಾದಾಗ ಲೆಕ್ಕಪತ್ರ ನೋಡುವ ಆಡಿಟ್ ಸಮಿತಿಯ ಅಧ್ಯಕ್ಷರನ್ನೇ ನೇರವಾಗಿ ಮುಟ್ಟಲು ದಾರಿ ಇರಬೇಕು. ಸಣ್ಣ ಸ್ಟಾರ್ಟಪ್‌ಗಳು ಸಾಮಾನ್ಯವಾಗಿ ಈ ಪಟ್ಟಿಯ ಹೊರಗೆ.

ಮಹಿಳೆಯರಿಗೆ ಲೈಂಗಿಕ ಕಿರುಕುಳವಾದರೆ ದಾರಿಯೇ ಬೇರೆ. ಮೂರು ತಿಂಗಳೊಳಗೆ ಆಫೀಸಿನ ಆಂತರಿಕ ಸಮಿತಿಗೆ ಬರೆದು ಕೊಡಿ. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಹತ್ತು ಜನರಿಲ್ಲದ ಜಾಗವಾದರೆ, ಅಥವಾ ದೂರು ಮಾಲೀಕರ ಮೇಲೇ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಿ. ಸಾಬೀತಾಗದಿದ್ದರೆ ತಿರುಗಿ ನಮ್ಮ ಮೇಲೇ ಕೇಸ್ ಹಾಕುತ್ತಾರೆ ಎಂಬ ಹೆದರಿಕೆ ತುಂಬಾ ಜನಕ್ಕಿದೆ. ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಸೆಕ್ಷನ್ 14 ನೋಡಿ: ಪುರಾವೆ ಕೊಡಲಾಗಲಿಲ್ಲ ಎಂಬುದೊಂದೇ ಕಾರಣಕ್ಕೆ ದೂರುದಾರರ ಮೇಲೆ ಕ್ರಮ ಕೈಗೊಳ್ಳುವ ಹಾಗಿಲ್ಲ.