ಲೇಸರ್‌ಗೆ ಮುಂಚೆ ಹುಟ್ಟಿದ ತಾರೀಖು ನೋಡಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರದಿಂದಲೇ ಕಲಬುರಗಿಯ ನನ್ನ ಕಣ್ಣಿನ ಕ್ಲಿನಿಕ್ಕಿಗೆ ಒಂದೇ ತರದ ಜೋಡಿಗಳು ಬರಲು ಶುರುವಾಗುತ್ತವೆ. ಒಬ್ಬ ಅಪ್ಪ, ಒಬ್ಬ ಮಗ. ಮಗನ ತಲೆಗೆ ಆಗಲೇ ಮಿಲಿಟರಿ ಕಟಿಂಗ್ ಆಗಿರುತ್ತದೆ. ಕನ್ನಡಕ ಜೇಬಿನಲ್ಲಿರುತ್ತದೆ. ಮಾತಾಡುವವರು ಅಪ್ಪ.

"ಮೇಡಂ, ಇವಗ ಮೈನಸ್ ಒಂದೂವರಿ ಅದರಿ. ಏರ್‌ಫೋರ್ಸ್ ಪೈಲಟ್ ಆಗ್ತೀನಂತಾನ. ಲೇಸರ್ ಮಾಡಿಸಿ ಕನ್ನಡಕ ತೆಗೆಸಿಬಿಡೋಣ್ರಿ."

ಹುಟ್ಟಿದ ತಾರೀಖು ಎಷ್ಟು ಅಂತ ನಾನು ಕೇಳುತ್ತೇನೆ. ಕಣ್ಣು ತೋರಿಸಲು ಬಂದರೆ ಇವರು ತಾರೀಖು ಯಾಕೆ ಕೇಳುತ್ತಾರೆ ಎಂದು ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ಈ ಅಂಕಣ ಆ ಒಂದು ತಾರೀಖಿನ ಬಗ್ಗೆ.

ಕೆಲವು ವರ್ಷಗಳ ಹಿಂದೆ ಬೀದರ್ ಕಡೆಯಿಂದ ಒಬ್ಬ ಹುಡುಗ ಬಂದಿದ್ದ. ಬೀದರ್‌ನಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ. ಹಾಕ್ ವಿಮಾನಗಳಲ್ಲಿ ಫೈಟರ್ ಪೈಲಟ್‌ಗಳು ಅಲ್ಲಿ ಪಳಗುತ್ತಾರೆ. ಆಕಾಶದಲ್ಲಿ ವಿಮಾನ ಪ್ರದರ್ಶನ ನೀಡುವ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆಯೂ ಅದೇ. ಅಲ್ಲಿನ ಮಕ್ಕಳು ಆ ಸದ್ದು ಕೇಳುತ್ತಲೇ ಬೆಳೆಯುತ್ತಾರೆ. ಇವನೂ ಹಾಗೆಯೇ. ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ಲೇಸರ್ ಮಾಡಿಸಿಕೊಂಡೇ ನನ್ನ ಹತ್ತಿರ ಬಂದಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಎರಡೂ ಕಣ್ಣು 6/6, ಅಂದರೆ ನೋಟ ಪೂರ್ತಿ ಸರಿ. "ಈಗ ಫಿಟ್ ಅಂತ ಒಂದು ಚೀಟಿ ಬರೆದುಕೊಡಿ" ಎಂದ. ಚಿಕಿತ್ಸೆಯ ಕಾಗದ ನೋಡಿದೆ. ಆ ದಿನಕ್ಕೆ ಅವನ ವಯಸ್ಸು 18 ವರ್ಷ 7 ತಿಂಗಳು.

ಅವನ ಅಪ್ಪನಿಗೆ ವಿಷಯ ಹೇಳಲು ನನಗೆ ತುಂಬ ಹೊತ್ತು ಬೇಕಾಯಿತು. ಏಕೆಂದರೆ ಕಣ್ಣಿಗೆ ಏನೂ ಆಗಿರಲಿಲ್ಲ.

ನಿಯಮ ಹೀಗಿದೆ. ಲೇಸರ್ ಮಾಡಿಸಿಕೊಂಡವರನ್ನು ವಾಯುಪಡೆ ಫ್ಲೈಯಿಂಗ್ ಶಾಖೆಗೆ, ಅಂದರೆ ಪೈಲಟ್ ಕೆಲಸಕ್ಕೆ, ಪರಿಗಣಿಸುತ್ತದೆ. ಆದರೆ 20 ವರ್ಷ ತುಂಬುವ ಮುಂಚೆ ಮಾಡಿಸಿರಬಾರದು. ಮಾಡಿಸಿ ಕನಿಷ್ಠ 12 ತಿಂಗಳು ಕಳೆದಿರಬೇಕು, ಯಾವ ತೊಡಕೂ ಇರಬಾರದು. ಮೊದಲಿದ್ದ ಪವರ್ 6 ಡಯಾಪ್ಟರ್‌ಗಿಂತ ಜಾಸ್ತಿ ಇರಬಾರದು. ಲೇಸರ್ ಆದ ಮೇಲೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರದ) ದಪ್ಪ 450 ಮೈಕ್ರಾನ್‌ಗಿಂತ ಕಡಿಮೆ ಇರಬಾರದು (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಮುಂದಿನಿಂದ ಹಿಂದಕ್ಕೆ ಅಳೆದ ಕಣ್ಣುಗುಡ್ಡೆಯ ಉದ್ದ 25.5 ಮಿಲಿಮೀಟರ್ ಮೀರಬಾರದು.

ಜನ ತಪ್ಪು ತಿಳಿಯುವುದು ಎಲ್ಲಿ ಅಂದರೆ, "18 ತುಂಬಿದರೆ ಲೇಸರ್ ಮಾಡಬಹುದು" ಎಂಬ ಮಾತಿನಲ್ಲಿ. ಆ ಮಾತು ಸುಳ್ಳಲ್ಲ. ಕನ್ನಡಕ ಬೇಡ ಅನ್ನುವ ಸಾಮಾನ್ಯರಿಗೆ, ಪವರ್ ಒಂದು ಕಡೆ ನಿಂತಿದ್ದರೆ, 18 ಸಾಕು. ಆಸ್ಪತ್ರೆಯವರು ಅದನ್ನೇ ಹೇಳುತ್ತಾರೆ. ಹುಡುಗ ಯಾಕೆ ಮಾಡಿಸುತ್ತಿದ್ದಾನೆ ಎಂದು ಅವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. 18ಕ್ಕೂ 20ಕ್ಕೂ ನಡುವಿನ ಆ ಎರಡು ವರ್ಷದಲ್ಲೇ ಹುಡುಗರು ಬೀಳುತ್ತಾರೆ. ಕನ್ನಡಕವಿರುವ ಹುಡುಗನ ಪೈಲಟ್ ದಾರಿ ಇನ್ನೂ ತೆರೆದಿದೆ. 19ಕ್ಕೆ ಲೇಸರ್ ಮಾಡಿಸಿ 6/6 ಓದುವ ಹುಡುಗನ ದಾರಿ ಮುಚ್ಚಿದೆ. ಈ ಮಾತನ್ನು ಎಷ್ಟು ಸಲ ಹೇಳಿದರೂ ನನಗೆ ಬೇಸರವಿಲ್ಲ.

"ಹಾಗಾದರೆ ಎನ್‌ಡಿಎ?" ಅಂತ ಕೇಳುತ್ತಾರೆ. ಪಿಯುಸಿ ಆದ ಮೇಲೆ ಮೂರೂ ಸೇನೆಗಳಿಗೆ ಅಧಿಕಾರಿಗಳಾಗಲು ಸೇರುವ ಖಡಕವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯೇ ಎನ್‌ಡಿಎ. ಅದಕ್ಕೆ ಸೇರುವ ವಯಸ್ಸು 16 ವರ್ಷ 6 ತಿಂಗಳಿಂದ 19 ವರ್ಷ 6 ತಿಂಗಳು. ಲೇಸರ್‌ಗೆ 20 ಆಗಿರಬೇಕು. ಎರಡೂ ಕೂಡಿ ಬರುವುದೇ ಇಲ್ಲ ಅಲ್ವಾ? ಎನ್‌ಡಿಎ ಮೂಲಕ ಪೈಲಟ್ ಆಗಬೇಕಾದರೆ ಹುಟ್ಟಿನಿಂದ ಬಂದ ಕಣ್ಣೇ ಸರಿಯಾಗಿರಬೇಕು. ಒಂದು ಕಣ್ಣು 6/6, ಇನ್ನೊಂದು ಅದಕ್ಕಿಂತ ತುಸು ಕಡಿಮೆಯ 6/9 ಓದಬೇಕು, ಮೈನಸ್ ಪವರ್ ಇರಬಾರದು. ಕನ್ನಡಕ ಬಂದಿರುವ ಮಕ್ಕಳಿಗೆ ಉಳಿಯುವ ದಾರಿ ಪದವಿಯ ನಂತರದ್ದು. ವಾಯುಪಡೆಯದೇ ಪ್ರವೇಶ ಪರೀಕ್ಷೆಯಾದ ಎಎಫ್‌ಕ್ಯಾಟ್ ಅಥವಾ ಮೂರೂ ಸೇನೆಗಳಿಗೆ ನಡೆಯುವ ಸಿಡಿಎಸ್ ಪರೀಕ್ಷೆ. ಅಲ್ಲಿ ಕೋರ್ಸ್ ಶುರುವಾಗುವಾಗ ವಯಸ್ಸು 20ರಿಂದ 24ರ ಒಳಗಿರಬೇಕು.

"ಅಲ್ಲಿ ಹಾರುವ ಪೈಲಟ್‌ಗಳೇ ಕನ್ನಡಕ ಹಾಕಿರ್ತಾರಲ್ಲ ಮೇಡಂ?" ಇದೂ ತಪ್ಪದೆ ಬರುವ ಪ್ರಶ್ನೆ. ನಿಜ, ಸೇವೆಯಲ್ಲಿರುವವರಿಗೆ ಮುಂದೆ ಕನ್ನಡಕ ಬರಬಹುದು. ಆದರೆ ಸೇರುವವನ ಕಣ್ಣು ಇನ್ನೂ ಎಷ್ಟೋ ವರ್ಷ ಹಾರಬೇಕು. ಶುರುವಿನಲ್ಲೇ ಮೈನಸ್ ಇದ್ದರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಯಾರೂ ಹೇಳಲಾಗದು. ಇನ್ನೊಂದು ಕಾರಣ, ಫೈಟರ್ ವಿಮಾನ ಜೋರಾಗಿ ತಿರುಗುವಾಗ ಮೈಯ ತೂಕ ಹಲವು ಪಟ್ಟಾಗುತ್ತದೆ. ಒಂಬತ್ತು ಪಟ್ಟಿನವರೆಗೂ ಹೋಗುತ್ತದೆ. ರಕ್ತ ಕಾಲಿನ ಕಡೆ ಇಳಿಯುತ್ತದೆ. ಕಣ್ಣಿನ ಒಳಗೆ ಅದರದ್ದೇ ಒತ್ತಡ ಇರುವುದರಿಂದ ಮೆದುಳಿಗಿಂತ ಮುಂಚೆ ಕಣ್ಣಿನ ಹಿಂಭಾಗದಲ್ಲಿ ಬಿಂಬ ಮೂಡುವ ಪದರವಾದ ರೆಟಿನಾಕ್ಕೆ ರಕ್ತ ನಿಲ್ಲುತ್ತದೆ. ಎಚ್ಚರ ತಪ್ಪುವ ಮೊದಲೇ ನೋಟ ಬೂದಿ ಬಣ್ಣಕ್ಕೆ ತಿರುಗುತ್ತದೆ. ಆ ಕೆಲಸದಲ್ಲಿ ಮೊದಲು ಸೋಲುವ ಅಂಗ ಕಣ್ಣು. ಅದಕ್ಕೇ ಅಷ್ಟು ಬಿಗಿ.

ಇನ್ನು ಆ 25.5 ಮಿಲಿಮೀಟರ್. ಮೈನಸ್ ಪವರ್ ಬರುವುದು ಸಾಮಾನ್ಯವಾಗಿ ಕಣ್ಣುಗುಡ್ಡೆ ಉದ್ದವಾಗುವುದರಿಂದ. ದೊಡ್ಡವರ ಕಣ್ಣು 23-24 ಮಿಲಿಮೀಟರ್ ಇರುತ್ತದೆ. ಅದಕ್ಕಿಂತ ಒಂದು ಮಿಲಿಮೀಟರ್ ಬೆಳೆದರೆ ಸುಮಾರು ಎರಡೂವರೆ, ಮೂರು ಪವರ್ ಬಂದಂತೆ. ಲೇಸರ್ ಕೆಲಸ ಮಾಡುವುದು ಮುಂದಿನ ಕಾರ್ನಿಯಾದ ಮೇಲೆ ಮಾತ್ರ. ಕಣ್ಣಿನ ಉದ್ದ ಹಾಗೇ ಉಳಿಯುತ್ತದೆ. ನಮ್ಮ ಕಡೆ ರೊಟ್ಟಿ ಬಡಿಯುವುದನ್ನು ನೋಡಿದ್ದೀರಲ್ಲ, ಹಿಟ್ಟು ಅಷ್ಟೇ, ಅಗಲವಾದಷ್ಟೂ ತೆಳು. ಹಿಗ್ಗಿದ ಕಣ್ಣಿನ ರೆಟಿನಾವೂ ಹಾಗೆ. ಲೇಸರ್ ಆದ ಮೇಲೂ ಅದು ತೆಳುವೇ. ಬೋರ್ಡ್ ಸಲೀಸಾಗಿ ಓದುತ್ತಾನೆ ಅಂದಮಾತ್ರಕ್ಕೆ ಕಣ್ಣಿನ ಹಿಂಭಾಗ ಗಟ್ಟಿಯಾಯಿತು ಎಂದಲ್ಲ.

20 ಎಂಬ ಮಿತಿಗೂ ಇದೇ ಕಾರಣ ಇರಬೇಕು ಎಂದು ನಾನು ತಿಳಿದಿದ್ದೇನೆ. ಹದಿಹರೆಯದಲ್ಲಿ ಕಣ್ಣು ಇನ್ನೂ ಬೆಳೆಯುತ್ತಿರುತ್ತದೆ. 18ಕ್ಕೆ ಸೊನ್ನೆ ಮಾಡಿದ ಪವರ್ 21ಕ್ಕೆ ಮತ್ತೆ ಬಂದಿರುವುದನ್ನು ನಾನು ನೋಡಿದ್ದೇನೆ.

ಕಾರ್ನಿಯಾದ ಲೆಕ್ಕ ಮನೆಯಲ್ಲೇ ಹಾಕಬಹುದು. ಒಂದು ಪವರ್ ತೆಗೆಯಲು ಲೇಸರ್ ಸುಮಾರು 15 ಮೈಕ್ರಾನ್ ಕೆರೆಯುತ್ತದೆ. ನಿಮ್ಮ ಕಾರ್ನಿಯಾ 500 ಮೈಕ್ರಾನ್ ಇದ್ದು ಪವರ್ ಮೈನಸ್ 5 ಇದ್ದರೆ ಹೋಗುವುದು 75. ಉಳಿಯುವುದು 425. ಅಂಥವರು 20 ದಾಟಿದ ಮೇಲೆ ಮಾಡಿಸಿದರೂ ಉಪಯೋಗವಿಲ್ಲ. ಇದು ಅಂದಾಜಿನ ಲೆಕ್ಕ. ನಿಖರವಾದದ್ದನ್ನು ಲೇಸರ್ ಮಾಡುವ ವೈದ್ಯರನ್ನೇ ಕೇಳಿ, ಆದರೆ ಮುಂಚೆಯೇ ಕೇಳಿ.

ಮುಚ್ಚಿಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೆಂಗಳೂರಿನ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಂಥ ಕಡೆ ಕಾರ್ನಿಯಾದ ದಪ್ಪ, ಆಕಾರ ಎಲ್ಲ ಅಳೆಯುತ್ತಾರೆ. ಲೇಸರ್‌ನ ಗುರುತು ಅದರಲ್ಲಿ ಕಾಣುತ್ತದೆ. ಬಣ್ಣ ಗುರುತಿಸುವುದನ್ನು ಪರೀಕ್ಷಿಸುವ ಬಣ್ಣದ ಚುಕ್ಕೆಗಳ ಇಶಿಹಾರ ಪುಸ್ತಕವನ್ನು ಮೊಬೈಲಿನಲ್ಲಿ ಬಾಯಿಪಾಠ ಮಾಡುವ ಹುಡುಗರಿಗೂ ಇದೇ ಮಾತು. ಬಣ್ಣ ನೋಡಲು ಅಲ್ಲಿ ದೀಪ ತೋರಿಸುವ ಪರೀಕ್ಷೆಯೂ ಇದೆ. ಕಣ್ಣಿನ ವ್ಯಾಯಾಮದಿಂದ ಮೈನಸ್ ಹೋಗುವುದಿಲ್ಲ, ಸುಮ್ನೆ ದುಡ್ಡು ಕಳೆಯಬೇಡಿ.

ಚೆನ್ನಾಗಿ ಆದದ್ದನ್ನೂ ಹೇಳುತ್ತೇನೆ. ಒಬ್ಬ ಹುಡುಗಿ, ಮೈನಸ್ ಎರಡೂಕಾಲು, ಬಿ.ಇ. ಎರಡನೇ ವರ್ಷದಲ್ಲಿ ಬಂದಳು. ಆಗ ಅವಳಿಗೆ 19. ತಾಯಿ ಅವಸರ ಮಾಡುತ್ತಿದ್ದರು, ಅವಳು ಮಾಡಲಿಲ್ಲ. ಕಣ್ಣಿನ ಉದ್ದ, ಕಾರ್ನಿಯಾ, ರೆಟಿನಾ ಎಲ್ಲ ಅಳೆಸಿ ಬರೆದಿಟ್ಟುಕೊಂಡಳು. 20 ತುಂಬಿದ ಎರಡು ತಿಂಗಳಿಗೆ ಲೇಸರ್. ಒಂದು ವರ್ಷ ಕಾದು, ಪದವಿ ಮುಗಿಸುವ ಹೊತ್ತಿಗೆ ಎಎಫ್‌ಕ್ಯಾಟ್ ಬರೆದಳು. ಮೈಸೂರಿನ ಆಯ್ಕೆ ಮಂಡಳಿ ದಾಟಿದಳು, ವೈದ್ಯಕೀಯ ತಪಾಸಣೆಯಲ್ಲಿ ಕಣ್ಣು ಪಾಸಾಯಿತು. ಮೆರಿಟ್ ಪಟ್ಟಿಯಲ್ಲಿ ಮಾತ್ರ ಹೆಸರು ಬರಲಿಲ್ಲ. ಅಂದು ಫೋನಿನಲ್ಲಿ ಅತ್ತಳು, ನನಗೂ ಗಂಟಲು ಕಟ್ಟಿತ್ತು. ಆದರೂ ಕಣ್ಣಿನ ಕಾಗದ ಪಕ್ಕಾ ಇದ್ದದ್ದರಿಂದ, 24 ಇನ್ನೂ ದೂರವಿದ್ದದ್ದರಿಂದ ಅವಳಿಗೆ ಇನ್ನೊಂದು ಅವಕಾಶವಿತ್ತು. ಅದಕ್ಕೆ ಮತ್ತೆ ಓದಲು ಕೂತಳು.

ಬೀದರ್‌ನ ಹುಡುಗನಿಗೆ ನಾಗರಿಕ ವಿಮಾನದ ದಾರಿ ಹೇಳಿದೆ. ಅಲ್ಲಿ ಕನ್ನಡಕವೂ ಅಡ್ಡಿಯಲ್ಲ. ಆದರೆ ಆ ತರಬೇತಿಯ ಖರ್ಚು ಅವರ ಕೈಗೆ ಎಟುಕುವಂಥದ್ದಲ್ಲ.

ನಿಯಮಗಳು ಆಗಾಗ ಬದಲಾಗುತ್ತವೆ. ಭೂಸೇನೆ, ನೌಕಾಪಡೆಯ ಅಳತೆಗಳೇ ಬೇರೆ. ಈ ಬರಹ ನಂಬಿ ಯಾರೂ ನಿರ್ಧಾರ ಮಾಡಬೇಡಿ. ನೀವು ಬರೆಯುವ ಪರೀಕ್ಷೆಯ ಆ ವರ್ಷದ ಅಧಿಸೂಚನೆ ತೆಗೆದು, ವೈದ್ಯಕೀಯ ಭಾಗವನ್ನು ಕೊನೆಯ ಸಾಲಿನವರೆಗೆ ಓದಿ. ಅದನ್ನು ಪ್ರಿಂಟ್ ಮಾಡಿ ಕಣ್ಣಿನ ಡಾಕ್ಟರ ಮೇಜಿನ ಮೇಲಿಡಿ. ಜೊತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರಲಿ.

ಹೋದ ವಾರ ಬಂದ ಹುಡುಗ ಆ ಅಂಕಪಟ್ಟಿ ತಂದಿದ್ದ. 18 ವರ್ಷ 4 ತಿಂಗಳು. ಚೀಟಿಯಲ್ಲಿ ಔಷಧಿಯ ಬದಲು ಅವನ ಇಪ್ಪತ್ತನೇ ಹುಟ್ಟುಹಬ್ಬದ ತಾರೀಖು ಬರೆದು, ಅಡಿಗೆರೆ ಎಳೆದು, "ಇದಕ್ಕಿಂತ ಒಂದು ದಿನ ಮುಂಚೆಯೂ ಬೇಡ" ಎಂದೆ. ಅವನು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತ ಬೆರಳು ಮಡಚಿ ಎಣಿಸಿದ.

"ಇಪ್ಪತ್ತು ತಿಂಗಳ್ರಿ ಮೇಡಂ" ಎಂದ. "ಅಷ್ಟರಾಗ ಡಿಗ್ರಿ ಎರಡನೇ ವರ್ಷ ನಡೀತಿರ್ತದ."