ಸ್ಟಡ್ ಫೈಂಡರ್ ಕೊಳ್ಳುವ ಮುಂಚೆ ಗೋಡೆ ನೋಡಿ

ಜಿಪ್ಸಮ್ ಬೋರ್ಡ್ ಗೋಡೆಗೆ ಹಾಕಿದ ಟಿವಿ ಬ್ರಾಕೆಟ್ ಕಿತ್ತುಬಂದರೆ ಎಲ್ಲರೂ ಮೊದಲು ಬೈಯುವುದು ಸ್ಕ್ರೂವನ್ನು. ತಪ್ಪು ಹೆಚ್ಚಾಗಿ ಸ್ಕ್ರೂವಿನದಲ್ಲ, ಅದು ಇಳಿದ ಜಾಗದ್ದು. ಬೋರ್ಡಿನ ದಪ್ಪ ಸಾಮಾನ್ಯವಾಗಿ 12.5 ಮಿ.ಮೀ., ಹಿಂದೆ ಬರೀ ಪೊಳ್ಳು. ಭಾರ ಹೊರುವುದು ಒಳಗೆ ನೆಟ್ಟಗೆ ನಿಂತ ಮರದ ಅಥವಾ ತಗಡಿನ ಸ್ಟಡ್. ಮರದ ಸ್ಟಡ್ಡಿನ ಮುಖದ ಅಗಲ ಸುಮಾರು 38 ಮಿ.ಮೀ. ಅದರ ನಟ್ಟನಡುವೆ ಸ್ಕ್ರೂ ಕೂರಬೇಕೆಂದರೆ ಗುರುತು ಒಂದು ಸೆಂಟಿಮೀಟರಿಗಿಂತ ಹೆಚ್ಚು ಆಚೀಚೆ ಆಗುವಂತಿಲ್ಲ. ಈ ಸ್ಟಡ್ ಎಲ್ಲಿದೆ ಎಂದು ಗೋಡೆಯ ಹೊರಗಿನಿಂದಲೇ ಹುಡುಕಿಕೊಡುವ ಉಪಕರಣವೇ ಸ್ಟಡ್ ಫೈಂಡರ್. ಅದನ್ನು ಆರಿಸುವಾಗ ಕೇಳಬೇಕಾದ ಪ್ರಶ್ನೆ ಇದೊಂದೇ: ಈ ಗೋಡೆಯ ಮೇಲೆ ಇದು ಅಷ್ಟು ನಿಖರವಾಗಿ, ಪ್ರತಿ ಸಲವೂ ಒಂದೇ ಜಾಗ ತೋರಿಸುತ್ತದೆಯೇ?

ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆಯಾದರೆ ಈ ಉಪಕರಣದ ಗೊಡವೆಯೇ ಬೇಡ, ಅಲ್ಲಿ ಸ್ಟಡ್ಡೇ ಇರುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಕಬ್ಬಿಣದ ಸರಳು, ವೈರ್, ಪೈಪು. ಅದಕ್ಕೆ ರಾಡಾರ್ ತತ್ವದ ವಾಲ್ ಸ್ಕ್ಯಾನರ್ ಬೇಕು. ಅದರ ಬೆಲೆಯೂ ಬೇರೆ, ಬಳಸಲು ಬೇಕಾದ ಅಭ್ಯಾಸವೂ ಬೇರೆ.

ಬೋರ್ಡ್ ಗೋಡೆಗೆ ಎಲ್ಲಕ್ಕಿಂತ ಅಗ್ಗದ್ದು ಅಯಸ್ಕಾಂತದ ಫೈಂಡರ್. ಅಗ್ಗ ಎಂದು ಇದನ್ನು ಕಡೆಗಣಿಸಬಾರದು. ಬ್ಯಾಟರಿ ಬೇಡ, ಹೊಂದಾಣಿಕೆ ಬೇಡ. ಇದು ಹುಡುಕುವುದು ಸ್ಟಡ್ಡನ್ನಲ್ಲ, ಬೋರ್ಡನ್ನು ಸ್ಟಡ್ಡಿಗೆ ಬಿಗಿದ ಸ್ಕ್ರೂವಿನ ತಲೆಯನ್ನು. ಈ ಸ್ಕ್ರೂಗಳು ಮೇಲಿನಿಂದ ಕೆಳಕ್ಕೆ ಸುಮಾರು 30–40 ಸೆಂ.ಮೀ. ಅಂತರದಲ್ಲಿರುತ್ತವೆ. ಹಾಗಾಗಿ ಅಡ್ಡಕ್ಕೆ ನೇರ ಗೆರೆ ಎಳೆದಂತೆ ಜಾರಿಸಿದರೆ ಎರಡು ಸ್ಕ್ರೂಗಳ ನಡುವೆ ಹಾದುಹೋಗಿ ಏನೂ ಸಿಗದೆ ಹೋಗಬಹುದು. ಮೇಲೆ ಕೆಳಗೆ ಅಲೆಯಂತೆ ಆಡಿಸುತ್ತಾ ಮುಂದೆ ಸಾಗಬೇಕು. ಒಂದು ಸ್ಕ್ರೂ ಸಿಕ್ಕಿದ ಕೂಡಲೇ ಡ್ರಿಲ್ ಹಿಡಿಯಬೇಡಿ. ಅದೇ ನೇರದಲ್ಲಿ ಮೇಲೋ ಕೆಳಗೋ ಇನ್ನೂ ಎರಡು ಸಿಗಬೇಕು, ಯಾಕೆಂದರೆ ಬೋರ್ಡ್ ಹೊಡೆದವರ ಸ್ಕ್ರೂವೂ ಒಮ್ಮೊಮ್ಮೆ ಸ್ಟಡ್ ತಪ್ಪಿ ಪೊಳ್ಳಿಗೆ ಹೋಗಿರುತ್ತದೆ. ಕೊಳ್ಳುವಾಗ ಬಲವಾಗಿ ಎಳೆಯುವ ನಿಯೋಡಿಮಿಯಮ್ ಅಯಸ್ಕಾಂತದ್ದೇ ಕೇಳಿ. ಸ್ಕ್ರೂ ಸಿಕ್ಕಾಗ ಕೈ ಬಿಟ್ಟರೂ ಗೋಡೆಗೆ ಅಂಟಿಕೊಂಡೇ ಇರಬೇಕು. ಎರಡು ಪದರ ಬೋರ್ಡ್ ಇರುವ ಕಡೆ ಮಾತ್ರ ಇದರ ಹಿಡಿತ ಸಡಿಲ.

ಅಯಸ್ಕಾಂತ ಇನ್ನೊಂದು ವಿಷಯವನ್ನೂ ಹೇಳುತ್ತದೆ. ಅಲ್ಲಲ್ಲಿ ಮಾತ್ರ ಎಳೆದರೆ ಒಳಗಿರುವುದು ಮರ. ಮೇಲಿಂದ ಕೆಳಗಿನವರೆಗೂ ಸಣ್ಣದಾಗಿ ಎಳೆಯುತ್ತಲೇ ಇದ್ದರೆ ತಗಡಿನ ಸ್ಟಡ್, ಇಲ್ಲವೇ ಕಬ್ಬಿಣದ ಪೈಪು. ಸ್ಕ್ರೂ ಆರಿಸುವ ಮುಂಚೆ ಇದು ಗೊತ್ತಿರಬೇಕು. ತಗಡಿಗೆ ಮರದ ಸ್ಕ್ರೂ ಹಾಕಿದರೆ ಅದು ಕಚ್ಚದೆ ಸುಮ್ಮನೆ ತಿರುಗುತ್ತಿರುತ್ತದೆ.

ಎಲೆಕ್ಟ್ರಾನಿಕ್ ಫೈಂಡರ್ ಕೆಲಸ ಮಾಡುವ ಬಗೆಯೇ ಬೇರೆ. ಜಿರ್ಕಾನ್ ಕಂಪನಿ 1980ರಲ್ಲಿ ಮಾರುಕಟ್ಟೆಗೆ ತಂದ ಸ್ಟಡ್‌ಸೆನ್ಸರಿನ ತತ್ವವೇ ಇಂದಿನ ಬಹುಪಾಲು ಉಪಕರಣಗಳಲ್ಲೂ ಇದೆ. ಬೋರ್ಡಿನ ಹಿಂದೆ ಗಾಳಿ ಇದ್ದಾಗ ಒಂದು ಕೆಪಾಸಿಟೆನ್ಸ್ (ವಿದ್ಯುದಾವೇಶ ಹಿಡಿದಿಡುವ ಸಾಮರ್ಥ್ಯ), ಮರ ಬಂದಾಗ ಅದಕ್ಕಿಂತ ಹೆಚ್ಚು. ಆ ಏರಿಕೆಯನ್ನೇ ಅದು ದೀಪ ಬೆಳಗಿ ತೋರಿಸುತ್ತದೆ. ಒಂದೇ ಸೆನ್ಸರಿನ ಮಾದರಿ ಏರಿಕೆಯನ್ನು ಗುರುತಿಸಬೇಕಾದರೆ ಮೊದಲು ಪೊಳ್ಳು ಜಾಗದಲ್ಲಿ ಇಟ್ಟು ಬಟನ್ ಒತ್ತಿ ಹೊಂದಿಸಿಕೊಳ್ಳಬೇಕು. ಬಹಳಷ್ಟು ಜನ ಎಡವುವುದು ಇಲ್ಲೇ. ಗೊತ್ತಿಲ್ಲದೆ ಸ್ಟಡ್ಡಿನ ಮೇಲೇ ಇಟ್ಟು ಒತ್ತಿದರೆ ಅದು ಮರವನ್ನೇ ಪೊಳ್ಳೆಂದು ಲೆಕ್ಕ ಹಾಕಿಕೊಳ್ಳುತ್ತದೆ, ಆಮೇಲೆ ಎಷ್ಟು ಜಾರಿಸಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಒಂದು ಅಡಿ ಪಕ್ಕಕ್ಕೆ ಸರಿಸಿ ಹೊಸದಾಗಿ ಹೊಂದಿಸಿ. ಇಂಥ ಮಾದರಿ ತೋರಿಸುವುದು ಸ್ಟಡ್ಡಿನ ಅಂಚನ್ನು. ಎಡದಿಂದ ಬಂದು ಒಂದು ಗುರುತು, ಬಲದಿಂದ ಬಂದು ಇನ್ನೊಂದು, ಎರಡರ ನಡುವೆ ಸ್ಕ್ರೂ.

ಬಜೆಟ್ ಒಪ್ಪಿದರೆ ಹಲವು ಸೆನ್ಸರಿನ ಮಾದರಿಯೇ ಮೇಲು. ಹತ್ತು ಹನ್ನೆರಡು ಸೆನ್ಸರುಗಳು ಪಕ್ಕಪಕ್ಕದ ಜಾಗಗಳನ್ನು ಒಟ್ಟಿಗೇ ಹೋಲಿಸುವುದರಿಂದ ಮೊದಲ ಹೊಂದಾಣಿಕೆಯ ತಪ್ಪಿಗೆ ಆಸ್ಪದವೇ ಇಲ್ಲ. ಸ್ಟಡ್ಡಿನ ಪೂರ್ತಿ ಅಗಲ ದೀಪಗಳ ಸಾಲಿನಲ್ಲಿ ಕಾಣುತ್ತದೆ. 38 ಮಿ.ಮೀ. ಬದಲು ಹತ್ತು ಸೆಂಟಿಮೀಟರಿನಷ್ಟು ಅಗಲ ತೋರಿದರೆ ಅದು ಒಂಟಿ ಸ್ಟಡ್ ಅಲ್ಲ, ಜೋಡಿ ಸ್ಟಡ್ ಅಥವಾ ಬಾಗಿಲ ಚೌಕಟ್ಟಿನ ಆಧಾರ ಇರಬಹುದೆಂದು ತಿಳಿಯುತ್ತದೆ. ಆಳದ ಸ್ಕ್ಯಾನ್ ಬಗ್ಗೆ ಮಾತ್ರ ಹೆಚ್ಚು ಆಸೆ ಬೇಡ. ಸಾಮಾನ್ಯ ಸ್ಕ್ಯಾನಿಗೆ 19 ಮಿ.ಮೀ., ಆಳದ್ದಕ್ಕೆ 38 ಮಿ.ಮೀ. ಎಂದು ಹಲವು ಡಬ್ಬಿಗಳ ಮೇಲೆ ಬರೆದಿರುತ್ತದೆ. ಆಳ ಹೆಚ್ಚಿದಷ್ಟೂ ಬೇಡದ ಸಂಕೇತಗಳೂ ಹೆಚ್ಚು. ಒಂದೇ ಪದರ ಬೋರ್ಡಿಗೆ ಸಾಮಾನ್ಯ ಸ್ಕ್ಯಾನ್ ಸಾಕು.

ಎಷ್ಟೇ ದುಬಾರಿಯದಾದರೂ ಕೆಲವು ಗೋಡೆಗಳು ಇದನ್ನು ಸೋಲಿಸುತ್ತವೆ. ಹೊಸದಾಗಿ ಬಣ್ಣ ಬಳಿದ ಗೋಡೆಯ ತೇವ, ಹಿಂಬದಿಗೆ ಅಲ್ಯೂಮಿನಿಯಂ ಹಾಳೆಯಿರುವ ಇನ್ಸುಲೇಶನ್, ಲೋಹದ ಬಲೆ ಕಟ್ಟಿದ ಗಾರೆ, ದಪ್ಪ ಟೈಲ್ಸ್ ಇದ್ದ ಕಡೆ ಇಡೀ ಗೋಡೆಯೇ ಸ್ಟಡ್ ಎಂಬಂತೆ ದೀಪ ಉರಿಯಬಹುದು, ಇಲ್ಲವೇ ಎಲ್ಲೂ ಉರಿಯದಿರಬಹುದು. ಬಣ್ಣವಾದರೆ ಪೂರ್ತಿ ಒಣಗುವವರೆಗೆ ಕಾಯಿರಿ. ಮರದ ಪಟ್ಟಿಗಳ ಮೇಲೆ ಗಾರೆ ಮೆತ್ತಿದ ಹಳೆಯ ಗೋಡೆಯಲ್ಲಿ ಎಲೆಕ್ಟ್ರಾನಿಕ್ ಉಪಕರಣಕ್ಕಿಂತ ಅಯಸ್ಕಾಂತವೇ ವಾಸಿ. ಪಟ್ಟಿ ಹೊಡೆದ ಮೊಳೆಗಳ ಸಾಲು ಸಿಕ್ಕರೆ ಸ್ಟಡ್ ಸಿಕ್ಕಂತೆ. ಉಬ್ಬುತಗ್ಗಿನ ಗೋಡೆಗೆ ತೆಳು ರಟ್ಟೊಂದನ್ನು ಇಟ್ಟು ಅದರ ಮೇಲೆ ಜಾರಿಸಿದರೆ ಉಪಕರಣ ಅಲುಗಾಡುವುದಿಲ್ಲ. ಇನ್ನೊಂದು ಕೈಯನ್ನು ಗೋಡೆಗೆ ಊರಿಕೊಳ್ಳುವ ಅಭ್ಯಾಸ ಬಿಡಬೇಕು, ಹತ್ತಿರವಿರುವ ಅಂಗೈಯೂ ಕೆಪಾಸಿಟೆನ್ಸ್ ಬದಲಿಸುತ್ತದೆ. ಬ್ಯಾಟರಿ ಇಳಿದಾಗಲೂ ಅಂಚು ಅತ್ತಿತ್ತ ಓಡುತ್ತದೆ. ಉಪಕರಣ ಕೆಟ್ಟಿದೆ ಎನ್ನುವ ಮುಂಚೆ ಬ್ಯಾಟರಿ ಬದಲಿಸಿ ನೋಡಿ.

ಕೊಂಡ ದಿನವೇ ಮಾಡಬೇಕಾದ ಪರೀಕ್ಷೆ ಒಂದಿದೆ. ಗೋಡೆಗೆ ಅಡ್ಡಲಾಗಿ ಒಂದು ಮೀಟರ್ ಮಾಸ್ಕಿಂಗ್ ಟೇಪ್ ಅಂಟಿಸಿ. ಎಡದಿಂದ ಮೂರು ಸಲ, ಬಲದಿಂದ ಮೂರು ಸಲ ನಿಧಾನವಾಗಿ ಜಾರಿಸಿ, ಪ್ರತಿ ಸಲ ಅಂಚಿಗೆ ಪೆನ್ಸಿಲ್ ಗುರುತು ಹಾಕಿ. ಒಂದೇ ಅಂಚಿನ ಗುರುತುಗಳು 3 ಮಿ.ಮೀ. ಒಳಗೆ ಬಿದ್ದರೆ ಇಟ್ಟುಕೊಳ್ಳಿ. ಬೆರಳಗಲ ಚದುರಿದರೆ ಹಿಂದಿರುಗಿಸಿ. ಸಿಕ್ಕ ನಡುಗೆರೆಯಿಂದ ಪಕ್ಕದ ಸ್ಟಡ್ಡಿಗೆ ಅಳತೆ ಟೇಪಿನಲ್ಲಿ ಅಳೆಯಿರಿ: ಮಧ್ಯದಿಂದ ಮಧ್ಯಕ್ಕೆ ಸಾಮಾನ್ಯವಾಗಿ 16 ಅಥವಾ 24 ಇಂಚು, ಮೆಟ್ರಿಕ್ ಅಳತೆಯಲ್ಲಿ 400 ಅಥವಾ 600 ಮಿ.ಮೀ. ಅಳತೆಗೆ ಹೊಂದದ ಕಡೆ ಸಂಕೇತ ಬಂದು, ಸ್ವಲ್ಪ ಮೇಲಕ್ಕೆ ಹೋದಾಗ ಮಾಯವಾದರೆ ಅದು ಪೈಪೋ ಅಡ್ಡಪಟ್ಟಿಯೋ ಇರಬೇಕು. ಸ್ಟಡ್ ನೆಲದಿಂದ ಚಾವಣಿಯವರೆಗೂ ಸಿಗುತ್ತದೆ.

ವಿದ್ಯುತ್ ಎಚ್ಚರಿಕೆಯ ದೀಪ ಇರುವುದು ಒಳ್ಳೆಯದೇ. ಆದರೆ ಅದು ಬೆಳಗಲಿಲ್ಲ ಎಂದ ಮಾತ್ರಕ್ಕೆ ವೈರ್ ಇಲ್ಲ ಎನ್ನುವಂತಿಲ್ಲ. ಕರೆಂಟ್ ಸಂಪರ್ಕ ಕಡಿದ ವೈರ್, ಲೋಹದ ಪೈಪಿನೊಳಗಿನ ವೈರ್, ಆಳದಲ್ಲಿರುವ ವೈರ್ ಅದಕ್ಕೆ ಕಾಣುವುದಿಲ್ಲ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಕೊರೆಯುವುದನ್ನು ತಪ್ಪಿಸಿ, ಅನಿವಾರ್ಯವಾದರೆ ಮೇನ್ ಆಫ್ ಮಾಡಿ. ಮೊದಲು ಬ್ರಾಕೆಟ್ ಮುಚ್ಚುವ ಜಾಗದಲ್ಲಿ 2 ಮಿ.ಮೀ. ಬಿಟ್ಟಿನಿಂದ ಕೊರೆದು ನೋಡಿ: ಬಿಳಿ ಪುಡಿ ಮುಗಿದ ಮೇಲೆ ಮರದ ಹೊಟ್ಟು ಬಂದರೆ ಸರಿ, ಬಿಟ್ ದಡಕ್ಕನೆ ಒಳಗೆ ನುಗ್ಗಿದರೆ ಪೊಳ್ಳು. ಮರದ ಸ್ಟಡ್ ಎಂದು ಖಚಿತವಾದ ಕಡೆ ಬೋರ್ಡ್ ದಾಟುತ್ತಲೇ ಬಿಟ್ ಗಟ್ಟಿ ಉಕ್ಕಿಗೆ ತಾಗಿ ಕಿರುಗುಟ್ಟಿದರೆ ಒತ್ತಡ ಹಾಕಿ ಮುಂದುವರಿಸಬೇಡಿ. ಸ್ಟಡ್ಡಿನೊಳಗೆ ಹಾದುಹೋಗುವ ವೈರ್ ಅಥವಾ ಪೈಪಿಗೆ ಮೊಳೆ ತಾಗದಂತೆ ಹೊಡೆದ ರಕ್ಷಣಾ ತಗಡು ಅದು. ತೂತನ್ನು ಅಲ್ಲಿಗೇ ಬಿಟ್ಟು ಪಕ್ಕದ ಸ್ಟಡ್ಡಿಗೆ ಹೋಗಿ.